ಕೊಳ್ಳೇಗಾಲ ಸೀಮೆಯ ಹೆಗ್ಗುರುತುಗಳು: ಛಾಯಾಚಿತ್ರದ ಸಾಕ್ಷ್ಯವನ್ನು ಕುರಿತು ಒಂದು ವಿಚಾರ

೧

ಚರಿತ್ರೆಯ ಆಕರಗಳನ್ನು ಎಣಿಸುವಾಗ ಶಾಸನ, ನಾಣ್ಯ, ಕಡತ, ಪ್ರವಾಸಿಗಳ ಬರಹ, ಸಾಹಿತ್ಯ ಎಂದು ಸಾಲಾಗಿ ಹೇಳುವುದು ನಮ್ಮಲ್ಲಿ ವಾಡಿಕೆ. ಛಾಯಾಚಿತ್ರವನ್ನು ಈ ಸಾಲಿನಲ್ಲಿ ಸೇರಿಸುವವರು ವಿರಳ. ಅದು ಗ್ರಂಥದ ಅಲಂಕಾರವೆಂದೂ, ಓದುಗನ ಬೇಸರ ಕಳೆಯುವ ಸಾಧನವೆಂದೂ ಭಾವಿಸಿ, ಪುಟಗಳ ನಡುವೆ ಅಥವಾ ಪುಸ್ತಕದ ಕೊನೆಗೆ ಅದನ್ನು ಇರಿಸಿ ಸುಮ್ಮನಾಗುತ್ತೇವೆ. ಆದರೆ ಕನ್ನಡನಾಡಿನಲ್ಲಿ ಕ್ಯಾಮರಾ ಕೆಲಸಮಾಡತೊಡಗಿ ನೂರ ಎಪ್ಪತ್ತು ವರ್ಷಗಳು ಸಂದಿವೆ. ಆ ಅವಧಿಯಲ್ಲಿ ತೆಗೆದ ಚಿತ್ರಗಳಲ್ಲಿ ಅನೇಕವು ಇಂದು ಕಣ್ಣಿಗೆ ಬೀಳದ ವಸ್ತುಗಳಿಗೆ ಉಳಿದಿರುವ ಏಕಮಾತ್ರ ಸಾಕ್ಷಿಗಳಾಗಿವೆ. ಆದುದರಿಂದ ಶಾಸನವನ್ನು ಪರಿಶೀಲಿಸುವ ಎಚ್ಚರಿಕೆಯಿಂದಲೇ ಛಾಯಾಚಿತ್ರವನ್ನೂ ಪರಿಶೀಲಿಸುವುದು ಯುಕ್ತ. ಅದನ್ನು ಮಾಡಿದವರು ಯಾರು, ಯಾರ ಆಜ್ಞೆಯಿಂದ, ಯಾವ ದಿನ, ಎಲ್ಲಿ ನಿಂತು ಎಂದು ಕೇಳಬೇಕು. ಅಷ್ಟೇ ಮುಖ್ಯವಾಗಿ, ಎಲ್ಲಿ ಚಿತ್ರಗಳೇ ಇಲ್ಲವೋ ಅಲ್ಲಿ ಏಕಿಲ್ಲವೆಂದೂ ಕೇಳಬೇಕು.

ಈ ಎರಡನೆಯ ಪ್ರಶ್ನೆಯನ್ನು ಒಂದು ಗೊತ್ತಾದ ಸೀಮೆಗೆ ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ನಾವು ಆರಿಸಿಕೊಂಡಿರುವುದು ಇಂದಿನ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳನ್ನು. ವಿಶೇಷವಾಗಿ, ಮಲೆ ಮಹದೇಶ್ವರ ಬೆಟ್ಟದಿಂದ ಮುಂದೆ ಹೊಗೇನಕಲ್ಲಿನ ದಿಕ್ಕಿನಲ್ಲಿ, ಕಾವೇರಿಯ ಕಾಡಿನ ಅಂಚಿನಲ್ಲಿರುವ ಗೋಪಿನಾಥಂ ಗ್ರಾಮವನ್ನು. ಈ ಸೀಮೆಯಲ್ಲಿ ಗುಡಿಗಳುಂಟು, ಕ್ರೈಸ್ತ ದೇವಾಲಯಗಳುಂಟು, ತೋಟಗಳುಂಟು, ಹಳೆಯ ಸೇತುವೆಗಳುಂಟು, ಜಲಪಾತಗಳುಂಟು. ಆದರೂ ಇದರ ಚಿತ್ರದಾಖಲೆ ಅತ್ಯಂತ ವಿಷಮವಾಗಿದೆ. ಈ ವಿಷಮತೆ ಆಕಸ್ಮಿಕವಲ್ಲವೆಂಬುದನ್ನೂ, ಅದು ಎರಡು ಸರ್ಕಾರಗಳ ನಡುವಣ ಗಡಿಯ ನೆರಳೆಂಬುದನ್ನೂ ತೋರಿಸಲು ನಾವು ಇಲ್ಲಿ ಯತ್ನಿಸುತ್ತೇವೆ.

೨

ಕ್ಯಾಮರಾ ಬರುವ ಮೊದಲು ಈ ದಾರಿಯನ್ನು ಕಂಡು ಬರೆದಿಟ್ಟವರುಂಟು. ಶ್ರೀರಂಗಪಟ್ಟಣವು ಪತನವಾದ ಮರುವರ್ಷ, ಎಂದರೆ ೧೮೦೦ರಲ್ಲಿ, ಕಂಪೆನಿ ಸರ್ಕಾರದ ಆದೇಶದಂತೆ ಫ್ರಾನ್ಸಿಸ್ ಬುಕನನ್ ಅವರು ದಕ್ಷಿಣದ ಸೀಮೆಗಳನ್ನು ಸುತ್ತಿದರು. ಶಿವನಸಮುದ್ರವನ್ನು ನೋಡಿ, ಸತ್ತೇಗಾಲ, ಸಿಂಗನಲ್ಲೂರು, ಹನೂರು, ಕೌದಳ್ಳಿಗಳನ್ನು ಹಾದು, ಕಾವೇರಿಪುರದ ಕಣಿವೆಯನ್ನು ಇಳಿದು ಅವರು ಕೊಯಮತ್ತೂರಿನ ಕಡೆಗೆ ನಡೆದರು. ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಪ್ರವಾಸಗ್ರಂಥದಲ್ಲಿ ನೆಲದ ಗುಣ, ಬೆಳೆ, ನೀರಾವರಿ ಮೊದಲಾದ ವಿವರಗಳು ಹೇರಳವಾಗಿವೆ. ಕಂದಾಯದ ದೃಷ್ಟಿಯುಳ್ಳವನು ಏನನ್ನು ನೋಡುವನೋ ಅದನ್ನು ಅವರು ಕೂಲಂಕಷವಾಗಿ ನೋಡಿದರು. ಆದರೆ ಹನೂರಿನ ಬೀದಿ ಹೇಗೆ ಕಾಣುತ್ತಿತ್ತು, ಕೌದಳ್ಳಿಯ ಗುಡಿಯ ಮುಂದಿನ ಕಂಬ ಯಾವ ಎತ್ತರವಿತ್ತು ಎಂಬ ಪ್ರಶ್ನೆಗಳಿಗೆ ಅಂಥ ಬರಹದಲ್ಲಿ ಉತ್ತರ ದೊರೆಯುವುದು ದುರ್ಲಭ. ಬರಹಗಾರನು ಆಯ್ದುದನ್ನು ಮಾತ್ರ ಬರೆಯುತ್ತಾನೆ. ಛಾಯಾಚಿತ್ರವಾದರೋ, ತೆಗೆದವನು ಗಮನಿಸದೆ ಬಿಟ್ಟುದನ್ನೂ ತನ್ನ ಮೂಲೆಯಲ್ಲಿ ಹಿಡಿದಿಡುತ್ತದೆ. ಚರಿತ್ರಕಾರನಿಗೆ ಅದು ಅಮೂಲ್ಯವಾಗುವುದು ಈ ಗುಣದಿಂದಲೇ.

ಇದಕ್ಕೆ ಹಂಪೆಯೊಂದು ಪ್ರಸಿದ್ಧ ನಿದರ್ಶನ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ ಅವರು ೧೮೫೬ರಲ್ಲಿ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ವಿಜಯನಗರದ ಅವಶೇಷಗಳನ್ನು ಚಿತ್ರಿಸಿದರು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಅವರ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಂದು ಅಲ್ಲಿ ನಿಂತು ನೋಡುವವರಿಗೆ ಆ ಶಿಖರವಿಲ್ಲ. ಬಹುಕಾಲ ಕಣ್ಮರೆಯಾಗಿದ್ದ ಈ ನೆಗೆಟಿವ್‌ಗಳು ಮತ್ತೆ ಬೆಳಕಿಗೆ ಬಂದ ಮೇಲೆ, ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ, ಅದೇ ನೋಟಗಳನ್ನು ಮತ್ತೊಮ್ಮೆ ತೆಗೆದರು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ, ನಡುವಣ ನೂರ ಇಪ್ಪತ್ತೇಳು ವರ್ಷಗಳಲ್ಲಿ ಏನು ಬಿತ್ತು, ಏನನ್ನು ಎತ್ತಿ ನಿಲ್ಲಿಸಿದರು, ಎಲ್ಲಿ ಗಿಡ ಬೆಳೆಯಿತು ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ. ಒಂದೇ ಶಾಸನದ ಎರಡು ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ವಿದ್ವಾಂಸರಿಗೆ ಈ ಕ್ರಮ ಅಪರಿಚಿತವೆನಿಸಲಾರದು.

೩

ಹಳೆಯ ಚಿತ್ರಗಳು ಎಲ್ಲಿ ಹೇರಳವಾಗಿವೆ, ಎಲ್ಲಿ ಇಲ್ಲ ಎಂಬುದನ್ನು ಅರಿಯಲು ಕ್ಯಾಮರಾ ಯಾರ ಕೈಯಲ್ಲಿತ್ತೆಂಬುದನ್ನು ಮೊದಲು ನೆನೆಯಬೇಕು. ೧೮೫೫ರ ವೇಳೆಗೆ ಈಸ್ಟ್ ಇಂಡಿಯ ಕಂಪೆನಿಯ ನಿರ್ದೇಶಕ ಮಂಡಲಿಯು, ಪ್ರಾಚೀನ ಕಟ್ಟಡಗಳನ್ನು ಚಿತ್ರಗಾರರಿಂದ ಬರೆಯಿಸುವುದಕ್ಕಿಂತ ಛಾಯಾಗ್ರಹಣವೇ ಮೇಲೆಂಬ ಅಭಿಪ್ರಾಯಕ್ಕೆ ಬಂದಿತ್ತು. ೧೮೫೪ರಲ್ಲಿ ಮುಂಬಯಿಯಲ್ಲಿಯೂ, ೧೮೫೬ರಲ್ಲಿ ಕಲ್ಕತ್ತ ಮತ್ತು ಮದರಾಸುಗಳಲ್ಲಿಯೂ ಛಾಯಾಗ್ರಹಣ ಸಂಘಗಳು ಹುಟ್ಟಿದವು. ಕ್ಯಾಪ್ಟನ್ ಲಿನೇಯಸ್ ಟ್ರೈಪ್ ಅವರು ೧೮೫೪ರ ಡಿಸೆಂಬರ್‌ನಲ್ಲಿ ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ತಮ್ಮ ಸ್ವಂತ ಆಸಕ್ತಿಯಿಂದಲೇ ಚಿತ್ರಿಸಿದರು. ಮುಂದೆ ಅವರೇ ಮದರಾಸು ಸರ್ಕಾರದ ಛಾಯಾಗ್ರಾಹಕರಾಗಿ ನೇಮಕಗೊಂಡರು. ೧೮೫೮ರಲ್ಲಿ ಹೊರಬಂದ ಅವರ ಸಂಪುಟಗಳು ಸೇಲಂ ಜಿಲ್ಲೆಯ ರಾಯಕೋಟೆ ಮುಂತಾದ ಸ್ಥಳಗಳು, ಶ್ರೀರಂಗ, ತಿರುಚಿನಾಪಳ್ಳಿ, ಪುದುಕೋಟೆ, ತಂಜಾವೂರು, ಮಧುರೆ ಇವುಗಳನ್ನು ಒಳಗೊಂಡಿವೆ. ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಮೇಲಿನ ಶಾಸನವನ್ನು ೨೧ ಚಿತ್ರಗಳಾಗಿ ತೆಗೆದು ಒಂದಕ್ಕೊಂದು ಜೋಡಿಸಿ ಉದ್ದವಾದ ಸುರುಳಿಯಂತೆ ಮಾಡಿದ ಅವರ ಪ್ರಯತ್ನವು ಶಾಸನಶಾಸ್ತ್ರದ ಚರಿತ್ರೆಯಲ್ಲಿಯೇ ಗಮನಾರ್ಹವಾದುದು. ಆದರೆ ೧೮೫೯ರಲ್ಲಿ ಮದರಾಸಿಗೆ ಗವರ್ನರಾಗಿ ಬಂದ ಚಾರ್ಲ್ಸ್ ಟ್ರೆವೆಲ್ಯಾನ್ ಅವರಿಗೆ ಈ ಕಾರ್ಯವು ದುಂದುವೆಚ್ಚವಾಗಿ ತೋರಿತು. ಬಹುಬೇಗ ಆ ಇಲಾಖೆಗೆ ಬೀಗ ಬಿದ್ದಿತು.

ಟ್ರೈಪ್ ಅವರ ಸಂಪುಟಗಳ ಹೆಸರುಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ನಮಗೆ ಬೇಕಾದ ಸಂಗತಿಯೊಂದು ಹೊಳೆಯುತ್ತದೆ. ಗೋಪಿನಾಥಂ ಬಳಿ ಕಾವೇರಿಯ ಎಡದಂಡೆಯು ಅಂದಿನ ಸೇಲಂ ಜಿಲ್ಲೆ. ಬಲದಂಡೆಯು ಅಂದಿನ ಕೊಯಮತ್ತೂರು ಜಿಲ್ಲೆಗೆ ಸೇರಿದ ಕೊಳ್ಳೇಗಾಲ ತಾಲ್ಲೂಕು. ಸೇಲಂ ಜಿಲ್ಲೆಗೆ ಒಂದು ಸಂಪುಟ ದೊರೆಯಿತು, ಕೊಳ್ಳೇಗಾಲಕ್ಕೆ ದೊರೆಯಲಿಲ್ಲ. ಅಂದಿನ ಛಾಯಾಗ್ರಹಣದ ಕಷ್ಟವನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. ಭಾರವಾದ ಪೆಟ್ಟಿಗೆ, ಗಾಜು ಅಥವಾ ಕಾಗದದ ಫಲಕಗಳು, ರಾಸಾಯನಿಕ ದ್ರವಗಳು, ಶುದ್ಧವಾದ ನೀರು, ಕತ್ತಲೆಯ ಡೇರೆ ಇವಿಷ್ಟನ್ನೂ ಎತ್ತಿನ ಗಾಡಿಗಳ ಮೇಲೆ ಹೇರಿಕೊಂಡು ಹೋಗಬೇಕಾಗಿತ್ತು. ಆದುದರಿಂದ ಕ್ಯಾಮರಾ ರಸ್ತೆಯನ್ನು ಹಿಡಿದು ಹೋಯಿತು. ರಸ್ತೆಯು ದಂಡಿನ ಠಾಣ್ಯವನ್ನೂ ಪ್ರಸಿದ್ಧ ಕ್ಷೇತ್ರವನ್ನೂ ಹಿಡಿದು ಹೋಗಿತ್ತು. ಬೆಟ್ಟ, ಕಾಡು, ಮಲೇರಿಯ ಜ್ವರ ಇವುಗಳ ನಡುವೆ ಇದ್ದ ಹಳ್ಳಿಗಳು ಈ ದಾರಿಯಿಂದ ಬಹುದೂರ ಉಳಿದುವು.

೪

ಇದಕ್ಕಿಂತಲೂ ಬಲವಾದ ಕಾರಣವು ರಾಜಕೀಯ ಗಡಿ. ೧೭೯೯ರಲ್ಲಿ ಟಿಪ್ಪು ಸುಲ್ತಾನರ ಮರಣಾನಂತರ ರಾಜ್ಯವನ್ನು ಹಂಚಿದಾಗ ಕೊಳ್ಳೇಗಾಲವು ಕೊಯಮತ್ತೂರಿನೊಡನೆ ಕಂಪೆನಿಗೆ ಸೇರಿತು. ಅದರ ಮಗ್ಗುಲಲ್ಲಿಯೇ ಇದ್ದ ಯಳಂದೂರು ಮೈಸೂರು ಸಂಸ್ಥಾನದಲ್ಲಿ ಉಳಿದು, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು. ಒಂದೇ ಭಾಷೆ, ಒಂದೇ ಬೆಟ್ಟದ ಸಾಲು, ಒಂದೇ ಜಾತ್ರೆಗಳಿದ್ದ ಸೀಮೆಯ ನಡುವೆ ಹೀಗೆ ಗೆರೆ ಎಳೆದುದರ ಪರಿಣಾಮ ವಿದ್ವತ್ತಿನ ಮೇಲೂ ಆಯಿತು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕಾದ ೪ನೆಯ ಸಂಪುಟವು ೧೮೯೮ರಲ್ಲಿ ಪ್ರಕಟವಾದಾಗ ಯಳಂದೂರಿನ ಶಾಸನಗಳು ಅದರಲ್ಲಿ ಸೇರಿದುವು. ಕೆಲವೇ ಮೈಲಿಗಳ ಆಚೆಯ ಕೊಳ್ಳೇಗಾಲದ ಕನ್ನಡ ಶಾಸನಗಳು ಸೇರಲಿಲ್ಲ. ಅವು ಮದರಾಸಿನ ಶಾಸನ ಇಲಾಖೆಯ ಪಾಲಿಗೆ ಬಿದ್ದುವು. ೧೮೮೫ರಲ್ಲಿ ಆರಂಭವಾದ ಮೈಸೂರು ಪುರಾತತ್ತ್ವ ಇಲಾಖೆಯು ಆರ್. ನರಸಿಂಹಾಚಾರ್ಯರ ಕಾಲದಲ್ಲಿ, ಎಂದರೆ ೧೯೦೬ರಿಂದ ೧೯೨೨ರವರೆಗೆ, ಹಾಗೂ ಅನಂತರ ಡಾ. ಎಂ. ಎಚ್. ಕೃಷ್ಣ ಅವರ ಕಾಲದಲ್ಲಿ, ಸಂಸ್ಥಾನದ ದೇವಾಲಯಗಳನ್ನು ಅಳೆದು, ಚಿತ್ರಿಸಿ, ವಾರ್ಷಿಕ ವರದಿಗಳಲ್ಲಿ ಪ್ರಕಟಿಸಿತು. ೧೯೧೭ರ ಸೋಮನಾಥಪುರದ ಗ್ರಂಥವೂ ೧೯೧೯ರ ಬೇಲೂರಿನ ಗ್ರಂಥವೂ ಆ ಶ್ರಮದ ಫಲಗಳು. ಸೋಮನಾಥಪುರದಿಂದ ಕೊಳ್ಳೇಗಾಲಕ್ಕೆ ಒಂದು ದಿನದ ಪ್ರಯಾಣವೂ ಇಲ್ಲ. ಆದರೂ ಇಲಾಖೆಯ ಅಧಿಕಾರವು ಸಂಸ್ಥಾನದ ಗಡಿಗೆ ನಿಲ್ಲುತ್ತಿತ್ತು. ಮದರಾಸಿನ ಕಡೆಯಿಂದ ನೋಡಿದವರಿಗಾದರೋ ಕೊಳ್ಳೇಗಾಲವು ವಿಶಾಲ ಪ್ರಾಂತ್ಯವೊಂದರ ಅಂಚಿನ ಬೆಟ್ಟದ ತಾಲ್ಲೂಕು. ಚೋಳ ಪಾಂಡ್ಯರ ಮಹಾಕ್ಷೇತ್ರಗಳ ಮುಂದೆ ಅದು ಅಲ್ಪವಾಗಿ ತೋರಿದುದು ಸಹಜ.

೧೯೫೬ರ ನವೆಂಬರ್ ೧ರಂದು ಕೊಳ್ಳೇಗಾಲವು ಹೊಸ ಮೈಸೂರು ರಾಜ್ಯಕ್ಕೆ ಸೇರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಎಪಿಗ್ರಾಫಿಯ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯನ್ನು ಕೈಗೊಂಡು, ೧೯೭೫ರಲ್ಲಿ ೪ನೆಯ ಸಂಪುಟವನ್ನು ಹೊರತಂದಾಗ, ಯಳಂದೂರಿನ ಶಾಸನಗಳ ಪಕ್ಕದಲ್ಲಿ ಕೊಳ್ಳೇಗಾಲದ ಶಾಸನಗಳೂ ಕುಳಿತುವು. ಶಾಸನಗಳ ಮಟ್ಟಿಗೆ ೧೭೯೯ರ ಗೆರೆಯು ಹೀಗೆ ಅಳಿಯಿತು. ಛಾಯಾಚಿತ್ರದ ಮಟ್ಟಿಗೆ ಅದು ಅಳಿಯಲಿಲ್ಲ. ಅಳಿಯುವುದು ಸಾಧ್ಯವೂ ಇಲ್ಲ. ಕಲ್ಲಿನ ಮೇಲಿನ ಅಕ್ಷರವನ್ನು ನೂರು ವರ್ಷ ತಡವಾಗಿಯಾದರೂ ಓದಬಹುದು. ಆದರೆ ೧೮೬೦ರಲ್ಲಿ ತೆಗೆಯದ ಚಿತ್ರವನ್ನು ಇಂದು ತೆಗೆಯಲಾಗದು.

೫

ಸರ್ಕಾರ ಮಾಡದ ಕೆಲಸವನ್ನು ಜನರೇ ಮಾಡಬಹುದೆಂಬ ಯೋಚನೆ ಬೇರೆ ದೇಶಗಳಲ್ಲಿ ಫಲ ಕೊಟ್ಟಿದೆ. ಫ್ರಾನ್ಸಿನ ಸರ್ಕಾರವು ೧೮೫೧ರಲ್ಲಿಯೇ ಐವರು ಛಾಯಾಗ್ರಾಹಕರನ್ನು ನಾಡಿನ ಸ್ಮಾರಕಗಳ ಮೇಲೆ ಕಳುಹಿತು. ಚಿತ್ರಗಳು ಬಂದುವು, ಆದರೆ ಬಹುಪಾಲು ಪ್ರಕಟವಾಗದೆ ಸರ್ಕಾರದ ಸಂಗ್ರಹದಲ್ಲಿ ಉಳಿದುವು. ಇಂಗ್ಲೆಂಡಿನಲ್ಲಿ ನಡೆದುದು ಬೇರೆ. ೧೮೮೯ರಲ್ಲಿ ಬರ್ಮಿಂಗ್‌ಹ್ಯಾಮಿನ ಜೆರೋಮ್ ಹ್ಯಾರಿಸನ್ ಅವರು ತಮ್ಮ ಕೌಂಟಿಯ ಛಾಯಾಚಿತ್ರ ಸಮೀಕ್ಷೆಯನ್ನು ಹವ್ಯಾಸಿಗಳೇ ಕೈಗೊಳ್ಳಬೇಕೆಂದು ಸೂಚಿಸಿದರು. ೧೮೯೭ರಲ್ಲಿ ಸರ್ ಬೆಂಜಮಿನ್ ಸ್ಟೋನ್ ಅವರು ಇಡೀ ದೇಶಕ್ಕೆ ಅನ್ವಯಿಸುವ ಸಂಘವೊಂದನ್ನು ಕಟ್ಟಿದರು. ಅದು ೧೯೧೦ರವರೆಗೆ ನಡೆಯಿತು. ಉಪಾಧ್ಯಾಯರು, ಪಾದ್ರಿಗಳು, ವೈದ್ಯರು, ಅಂಗಡಿಯವರು ತಮ್ಮ ತಮ್ಮ ಊರಿನ ಚರ್ಚನ್ನು, ತೋಟವನ್ನು, ಸೇತುವೆಯನ್ನು, ಹಬ್ಬವನ್ನು ಚಿತ್ರಿಸಿ, ಬಹುಕಾಲ ಮಾಸದ ಕ್ರಮದಲ್ಲಿ ಪ್ರತಿಮಾಡಿ, ಸಾರ್ವಜನಿಕ ಸಂಗ್ರಹಗಳಿಗೆ ಒಪ್ಪಿಸಿದರು. ಅಂದು ಸಾಮಾನ್ಯವೆನಿಸಿದ ಆ ಚಿತ್ರಗಳೇ ಇಂದು ಆ ದೇಶದ ಗ್ರಾಮಚರಿತ್ರೆಗೆ ಆಧಾರಗಳಾಗಿವೆ.

ಆದರೆ ಅವರ ಪಟ್ಟಿಯನ್ನೇ ಇಲ್ಲಿಗೆ ತರುವುದು ಸಲ್ಲದು. ಇಂಗ್ಲೆಂಡಿನ ಹಳ್ಳಿಗೆ ಸಾಮಾನ್ಯವಾಗಿ ಚರ್ಚಿನ ಗೋಪುರವೇ ಹೆಗ್ಗುರುತು. ನಮ್ಮ ಸೀಮೆಯಲ್ಲಿ ಹೆಗ್ಗುರುತುಗಳು ಬಹುವಿಧ. ಅವುಗಳಲ್ಲಿ ಕೆಲವನ್ನು ಮಾತ್ರ ಪರಿಶೀಲಿಸೋಣ.

ಮೊದಲನೆಯದು ಶಿವನಸಮುದ್ರದ ಸೇತುವೆಗಳು. ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ರಾಮಸ್ವಾಮಿ ಮೊದಲಿಯಾರರು ಈ ದ್ವೀಪದ ಜೀರ್ಣೋದ್ಧಾರಕ್ಕೆ ತೊಡಗಿ, ನದಿಯ ಬಂಡೆಯಲ್ಲಿ ಕಲ್ಲಿನ ಕಂಬಗಳನ್ನು ನಾಟಿ, ಮೇಲೆ ಕಲ್ಲಿನ ತೊಲೆಗಳನ್ನು ಹಾಸಿ ಸೇತುವೆಗಳನ್ನು ಕಟ್ಟಿಸಿದರು. ಕಮಾನನ್ನು ಬಳಸದೆ, ದೇವಾಲಯದ ಮಂಟಪವನ್ನು ಕಟ್ಟುವ ವಿಧಾನದಲ್ಲಿಯೇ ಹೊಳೆಯನ್ನು ದಾಟಿದ ಈ ರಚನೆಗಳು ನಮ್ಮ ಶಿಲ್ಪಿಗಳ ಜ್ಞಾನಕ್ಕೆ ಸಾಕ್ಷಿ. ಸತ್ತೇಗಾಲದ ಬಳಿಯ ವೆಸ್ಲಿ ಸೇತುವೆಯ ಒಂದು ಭಾಗವು ೨೦೧೮ರ ಆಗಸ್ಟ್ ತಿಂಗಳ ಕಾವೇರಿಯ ಪ್ರವಾಹದಲ್ಲಿ ಕೊಚ್ಚಿಹೋಯಿತು. ಇಂಥ ಸೇತುವೆಯನ್ನು ಮೊದಲಿನಂತೆ ನಿಲ್ಲಿಸಬೇಕಾದರೆ ಯಾವ ಕಂಬ ಎಲ್ಲಿತ್ತು, ತೊಲೆಗಳ ಸಂದು ಹೇಗಿತ್ತು ಎಂಬುದು ತಿಳಿಯಬೇಕು. ಸಾವಿರಾರು ಪ್ರವಾಸಿಗಳು ಜಲಪಾತವನ್ನು ಚಿತ್ರಿಸುತ್ತಾರೆ. ಸೇತುವೆಯು ಅವರ ಚಿತ್ರಗಳಲ್ಲಿ ಬಂದರೂ ದೂರದ ಗೆರೆಯಾಗಿ ಬರುತ್ತದೆ. ಗಗನಚುಕ್ಕಿ ಭರಚುಕ್ಕಿಗಳ ಧಾರೆ ಪ್ರತಿ ಮಳೆಗಾಲದಲ್ಲಿ ಮತ್ತೆ ಬರುತ್ತದೆ. ಬಿದ್ದ ಕಂಬವು ತಾನಾಗಿ ಮತ್ತೆ ಏಳುವುದಿಲ್ಲ.

ಎರಡನೆಯದು ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪ. ಹದಿನಾಡು ಪಾಳೆಯಗಾರರ ಕಾಲದ ಈ ಮಹಾದ್ವಾರದ ಮೂಲೆಗಳಲ್ಲಿ ಇಳಿಬಿಟ್ಟ ಕಲ್ಲಿನ ಬಳೆಗಳ ಸರಪಳಿಯಿಂದ ಅದಕ್ಕೆ ಆ ಹೆಸರು ಬಂದಿತು. ಇದರ ಗೋಡೆಯ ಉಬ್ಬುಶಿಲ್ಪಗಳು ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಚಪ್ಪಟೆಯಾಗಿ ಕಾಣುತ್ತವೆ. ಬೆಳಗಿನ ಅಥವಾ ಸಂಜೆಯ ಓರೆಬೆಳಕಿನಲ್ಲಿ ಒಂದೊಂದು ಗೆರೆಯೂ ಎದ್ದು ನಿಲ್ಲುತ್ತದೆ. ಸವೆದ ಶಾಸನವನ್ನು ಓದಲು ಪಕ್ಕದಿಂದ ದೀಪ ಹಿಡಿಯುವ ಶಾಸನತಜ್ಞರ ಉಪಾಯವೇ ಇಲ್ಲಿಯೂ ಅನ್ವಯಿಸುತ್ತದೆ.

ಮೂರನೆಯದು ಕ್ರೈಸ್ತ ದೇವಾಲಯಗಳು. ಕಾಮಗೆರೆ, ಮಾರ್ಟಳ್ಳಿ, ಸಂದನಪಾಳ್ಯ ಮೊದಲಾದ ಗ್ರಾಮಗಳಲ್ಲಿ ಕ್ಯಾಥೊಲಿಕ್ ಸಮುದಾಯವು ತಲೆಮಾರುಗಳಿಂದ ನೆಲೆಸಿದೆ. ಇವು ಮೈಸೂರಿನ ಸಂತ ಫಿಲೋಮಿನ ದೇವಾಲಯದಂತೆ ಪ್ರವಾಸಿಗಳ ಕಣ್ಣಿಗೆ ಬಿದ್ದವಲ್ಲ. ಕನ್ನಡ ತಮಿಳುಗಳೆರಡೂ ಬಳಕೆಯಲ್ಲಿರುವ ಈ ಗಡಿಸೀಮೆಯಲ್ಲಿ ದೇವಾಲಯದ ಗೋಡೆಯ ಬರಹ, ಸಮಾಧಿಕಲ್ಲಿನ ಲಿಪಿ, ಉತ್ಸವದ ತೇರಿನ ಅಲಂಕಾರ ಇವೆಲ್ಲವೂ ಜನರ ವಲಸೆಯ ಚರಿತ್ರೆಗೆ ಸಾಮಗ್ರಿಗಳು. ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವುದು ಎಲ್ಲ ಮತಗಳವರಲ್ಲಿಯೂ ಭಕ್ತಿಯ ಕಾರ್ಯವೇ. ಅದನ್ನು ಆಕ್ಷೇಪಿಸುವುದು ನಮ್ಮ ಕೆಲಸವಲ್ಲ. ಕೆಡವುವ ಹಿಂದಿನ ದಿನವಾದರೂ ಒಂದು ಚಿತ್ರವನ್ನು ತೆಗೆದಿಡಿರೆಂದು ಕೇಳುವುದು ಮಾತ್ರ ನಮ್ಮ ಕೆಲಸ. ಪಾಲಾರಿನ ಆಚೆ, ೧೯೩೪ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟಿನ ಜಲಾಶಯದಲ್ಲಿ ಮುಳುಗಿದ ಊರುಗಳ ಕಥೆ ಇದಕ್ಕೆ ಎಚ್ಚರಿಕೆಯಾಗಿದೆ. ಬರಗಾಲದಲ್ಲಿ ನೀರು ಇಳಿದಾಗ ಪಣ್ಣವಾಡಿಯ ಬಳಿ ಹಳೆಯ ಚರ್ಚೊಂದರ ಗೋಪುರವೂ ಜಲಕಂಠೇಶ್ವರ ಗುಡಿಯ ನಂದಿಯೂ ಹೊರಗೆ ಕಾಣಿಸಿಕೊಳ್ಳುತ್ತವೆ. ಪತ್ರಿಕೆಗಳು ಅವುಗಳ ಚಿತ್ರವನ್ನು ಅಚ್ಚುಹಾಕುತ್ತವೆ. ಓದುಗರು ಅದನ್ನು ವಿಸ್ಮಯವೆಂದು ನೋಡಿ ಪುಟ ತಿರುವುತ್ತಾರೆ. ದಿನಾಂಕದೊಡನೆ ಜೋಡಿಸಿಟ್ಟರೆ ಅವೇ ಚಿತ್ರಗಳು ಕಾವೇರಿಯ ಬರಗಾಲಗಳ ಒಂದು ದಾಖಲೆಯೂ ಆಗುತ್ತವೆ.

ನಾಲ್ಕನೆಯದು ತೋಟ. ಬೆಂಗಳೂರಿನ ಲಾಲ್‌ಬಾಗಿನಂಥ ವಿಹಾರದ ತೋಟ ಇಲ್ಲಿಲ್ಲ. ಇಲ್ಲಿಯ ತೋಟವೆಂದರೆ ಹಿಪ್ಪುನೇರಳೆಯ ತೋಟ. ಮದರಾಸು ಪ್ರಾಂತ್ಯದ ರೇಷ್ಮೆವ್ಯವಸಾಯವು ಮುಖ್ಯವಾಗಿ ಕೊಳ್ಳೇಗಾಲ ತಾಲ್ಲೂಕಿನಲ್ಲಿಯೇ ನೆಲೆಗೊಂಡಿತ್ತು. ಕೊಳ್ಳೇಗಾಲದ ರೇಷ್ಮೆಸೀರೆಗೆ ಹೆಸರು ಬಂದುದು ಆ ಹಿನ್ನೆಲೆಯಿಂದ. ಹುಳು ಸಾಕುವ ಮನೆ, ಬಿದಿರಿನ ಚಂದ್ರಿಕೆ, ನೂಲು ತೆಗೆಯುವ ಒಲೆ, ಮಗ್ಗದ ಗುಂಡಿ ಇವು ದೇವಾಲಯದಷ್ಟೇ ಚರಿತ್ರಾರ್ಹ. ಬಿದಿರಿನ ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ಕಿನದು ಬರುತ್ತಿರುವ ಈ ಕಾಲದಲ್ಲಿ ಅವುಗಳನ್ನು ಚಿತ್ರಿಸಿಡುವುದು ಅವಶ್ಯಕ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡಸಂಪಿಗೆಯ ಮರವೂ ಒಂದು ಹೆಗ್ಗುರುತೇ. ಒಡೆಯರಪಾಳ್ಯದಲ್ಲಿ ೧೯೭೪ರಿಂದ ನೆಲೆಸಿರುವ ಟಿಬೆಟ್ಟಿನ ನಿರಾಶ್ರಿತರ ಬೌದ್ಧವಿಹಾರಗಳು ಈ ಪಟ್ಟಿಗೆ ಸೇರುವ ಈಚಿನ ಹೆಗ್ಗುರುತುಗಳು.

ಇಲ್ಲಿ ಜನರ ಚಿತ್ರಗಳ ವಿಷಯವಾಗಿಯೂ ಒಂದು ಮಾತು. ಎಡ್ಗರ್ ಥರ್ಸ್ಟನ್ ಅವರ ೧೯೦೯ರ ಸಂಪುಟಗಳಲ್ಲಿ ಸೋಲಿಗರ ವಿಷಯವುಂಟು. ಆ ಕಾಲದ ಜನಾಂಗಶಾಸ್ತ್ರ ಗ್ರಂಥಗಳಲ್ಲಿ ಅಚ್ಚಾದ ಚಿತ್ರಗಳ ಕೆಳಗೆ ಸಾಮಾನ್ಯವಾಗಿ ಕುಲದ ಹೆಸರಿರುತ್ತದೆ, ಮನುಷ್ಯನ ಹೆಸರಿರುವುದಿಲ್ಲ. ಕಲ್ಲಿಗೆ ಊರಿನ ಹೆಸರನ್ನೂ ದೊರೆಗೆ ಬಿರುದನ್ನೂ ಕೊಟ್ಟ ಚರಿತ್ರೆಯು ಕ್ಯಾಮರಾದ ಮುಂದೆ ನಿಂತ ಮನುಷ್ಯನಿಗೆ ಹೆಸರನ್ನು ಕೊಡಲಿಲ್ಲ.

೬

ಈಗ ಗೋಪಿನಾಥಂ ಗ್ರಾಮಕ್ಕೆ ಬರೋಣ. ದೀರ್ಘಕಾಲ ಕ್ಯಾಮರಾದ ದಾರಿಯಿಂದ ಹೊರಗಿದ್ದ ಈ ಗ್ರಾಮಕ್ಕೆ ೧೯೯೦ರ ದಶಕದಲ್ಲಿ ಒಮ್ಮೆಲೇ ಕ್ಯಾಮರಾಗಳು ಬಂದುವು. ಕಾರಣ ವಿದಿತವೇ ಆಗಿದೆ: ಆನೆದಂತ ಮತ್ತು ಶ್ರೀಗಂಧದ ಕಳ್ಳಸಾಗಣೆಯಿಂದಲೂ ಹತ್ಯೆಗಳಿಂದಲೂ ಕುಪ್ರಸಿದ್ಧನಾದ ವೀರಪ್ಪನ್ ಈ ಊರಿನವನು. ೧೯೯೩ರಲ್ಲಿ ತಮಿಳಿನ ನಕ್ಕೀರನ್ ಪತ್ರಿಕೆಯು ಕಾಡಿನೊಳಗೆ ತೆಗೆದ ಅವನ ಚಿತ್ರಗಳನ್ನು ಪ್ರಕಟಿಸಿದ ಮೇಲೆ, ಆ ಮೀಸೆಯ ಮುಖವು ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ೨೦೦೪ರ ಅಕ್ಟೋಬರ್ ೧೮ರಂದು ಅವನು ಪೋಲೀಸರ ಗುಂಡಿಗೆ ಬಲಿಯಾಗುವವರೆಗೂ, ಅನಂತರವೂ, ಗೋಪಿನಾಥಂ ಎಂದರೆ ಓದುಗರ ಕಣ್ಣಿಗೆ ಕಟ್ಟುತ್ತಿದ್ದುದು ಆ ಒಂದು ಮುಖ. ಊರಿನ ಬೀದಿ, ಕೆರೆ, ಹೊಲ, ಗುಡಿ, ಅಲ್ಲಿಯ ಸಾಮಾನ್ಯ ಜನ ಇವೆಲ್ಲ ಅದರ ಹಿಂದೆ ಮರೆಯಾದುವು. ಚಿತ್ರಗಳ ಅಭಾವದಿಂದ ಒಂದು ಊರು ಚರಿತ್ರೆಯಿಂದ ಜಾರುವುದುಂಟು. ಒಂದೇ ಬಗೆಯ ಚಿತ್ರಗಳ ಅತಿಶಯದಿಂದಲೂ ಜಾರುವುದುಂಟೆಂಬುದಕ್ಕೆ ಗೋಪಿನಾಥಂ ಸಾಕ್ಷಿಯಾಗಿದೆ.

ಇದೇ ಗ್ರಾಮದಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಚಿತ್ರದ ಕಥೆಯೂ ಇದೆ. ಅರಣ್ಯ ಉಪ ಸಂರಕ್ಷಣಾಧಿಕಾರಿಗಳಾಗಿದ್ದ ಪಿ. ಶ್ರೀನಿವಾಸ್ ಅವರು ಬಂದೂಕಿನಿಂದಲ್ಲ, ಜನರ ವಿಶ್ವಾಸದಿಂದ ಕಾಡನ್ನು ಕಾಯಬೇಕೆಂದು ನಂಬಿ ಗೋಪಿನಾಥಂನಲ್ಲಿಯೇ ತಂಗಿದರು. ಊರವರಿಗೆ ಔಷಧೋಪಚಾರದ ವ್ಯವಸ್ಥೆ ಮಾಡಿದರು; ಮಾರಿಯಮ್ಮನ ಗುಡಿಯನ್ನು ಕಟ್ಟಿಸಲು ನೆರವಾದರು. ವೀರಪ್ಪನ್ ಶರಣಾಗುವನೆಂಬ ಮಾತನ್ನು ನಂಬಿ ನಿರಾಯುಧರಾಗಿ ಹೋದ ಅವರು ೧೯೯೧ರ ನವೆಂಬರ್ ೧೦ರಂದು ಹತರಾದರು. ರಾಷ್ಟ್ರವು ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರವನ್ನು ನೀಡಿತು. ಊರವರು ಅವರ ಭಾವಚಿತ್ರಕ್ಕೆ ಮಾರಿಯಮ್ಮನ ಗುಡಿಯಲ್ಲಿ ಗೌರವ ಸಲ್ಲಿಸುತ್ತಾ ಬಂದಿರುವುದನ್ನು ಪತ್ರಿಕೆಗಳು ವರದಿ ಮಾಡಿವೆ. ವೀರಗಲ್ಲಿನ ಪರಂಪರೆಯನ್ನು ಬಲ್ಲ ನಮಗೆ ಇದರ ಅರ್ಥ ತಿಳಿಯದೆ ಇರದು. ಊರಿಗಾಗಿ ಸತ್ತವನನ್ನು ಹಿಂದಿನವರು ಕಲ್ಲಿನಲ್ಲಿ ಕಂಡರಿಸಿ ಗುಡಿಯ ಬಳಿ ನಿಲ್ಲಿಸಿದರು. ಇಲ್ಲಿ ಆ ಸ್ಥಾನವನ್ನು ಚೌಕಟ್ಟಿನ ಛಾಯಾಚಿತ್ರವು ಪಡೆದಿದೆ. ಹೊರಗಿನವರು ಊರಿನಿಂದ ತೆಗೆದುಕೊಂಡು ಹೋದ ಮುಖ ಒಂದು. ಊರವರು ತಾವೇ ಆರಿಸಿ ಇಟ್ಟುಕೊಂಡ ಮುಖ ಮತ್ತೊಂದು. ಗೋಪಿನಾಥಂನ ಚರಿತ್ರೆಯನ್ನು ಬರೆಯುವವನು ಈ ಎರಡನ್ನೂ ಸಾಕ್ಷ್ಯಗಳೆಂದು ಸ್ವೀಕರಿಸಿ, ಎರಡರ ನಡುವಣ ಅಂತರವನ್ನು ವಿವರಿಸಬೇಕಾಗುತ್ತದೆ.

ಈಚಿನ ವರ್ಷಗಳಲ್ಲಿ ಮೂರನೆಯ ಬಗೆಯ ಕ್ಯಾಮರಾ ಈ ಕಾಡನ್ನು ಪ್ರವೇಶಿಸಿದೆ. ೧೯೮೭ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದಲ್ಲಿಯೂ, ೨೦೧೩ರಲ್ಲಿ ಘೋಷಿತವಾದ ಮಲೆ ಮಹದೇಶ್ವರ ವನ್ಯಧಾಮದಲ್ಲಿಯೂ, ಪ್ರಾಣಿ ಹಾದುಹೋದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಮರಗಳಿಗೆ ಕಟ್ಟಿ ಚಿರತೆಗಳನ್ನು ಎಣಿಸುತ್ತಾರೆ. ಅಪರೂಪದ ತರಕರಡಿಯೂ ಕಾವೇರಿ ವನ್ಯಧಾಮದಲ್ಲಿ ಹೀಗೆಯೇ ದಾಖಲಾಯಿತು. ಆ ಪ್ರತಿಯೊಂದು ಚಿತ್ರಕ್ಕೂ ದಿನ, ಗಳಿಗೆ, ಸ್ಥಳ ನಿಖರವಾಗಿ ಅಂಟಿಕೊಂಡಿರುತ್ತವೆ. ಕಾಡಿನ ಚಿರತೆಗೆ ದೊರೆತಿರುವ ಈ ಶಿಸ್ತಿನ ದಾಖಲೆ ಅದೇ ಕಾಡಿನ ಅಂಚಿನ ಗುಡಿಗೂ ಚರ್ಚಿಗೂ ಇನ್ನೂ ದೊರೆತಿಲ್ಲವೆಂಬುದು ವಿಚಾರಾರ್ಹ.

೭

ಇಷ್ಟರಿಂದ ಫಲಿಸುವುದೇನು? ಕ್ಯಾಮರಾ ಇಲ್ಲವೆಂಬ ನೆಪ ಇಂದು ಸಲ್ಲದು. ಪ್ರತಿ ವಿದ್ಯಾರ್ಥಿಯ ಜೇಬಿನಲ್ಲಿಯೂ ಫೋನಿನ ರೂಪದಲ್ಲಿ ಅದು ಇದೆ. ಇಲ್ಲದಿರುವುದು ಕ್ರಮ. ಊರು, ದಿನ, ಹೆಸರು ಯಾವುದೂ ಇಲ್ಲದ ಹತ್ತು ಸಾವಿರ ಚಿತ್ರಗಳು ಚರಿತ್ರೆಗೆ ಒದಗುವುದು ಬಹಳ ಕಡಿಮೆ. ವಿವರವುಳ್ಳ ಹತ್ತು ಚಿತ್ರಗಳು ಒದಗುವುದು ಬಹಳ ಹೆಚ್ಚು. ಶಾಸನದಲ್ಲಿ ಶಕವರ್ಷ, ತಿಥಿ, ಸ್ಥಳ, ದತ್ತಿ ಕೊಟ್ಟವನ ಹೆಸರು, ಬರೆದವನ ಹೆಸರು ಇರುವಂತೆ, ಛಾಯಾಚಿತ್ರದ ಅಡಿಬರಹದಲ್ಲಿಯೂ ದಿನಾಂಕ, ಗ್ರಾಮ, ವಸ್ತು, ಕ್ಯಾಮರಾ ನೋಡಿದ ದಿಕ್ಕು, ತೆಗೆದವರ ಹೆಸರು ಈ ಐದೂ ಇರತಕ್ಕದ್ದು. ಕಟ್ಟಡವನ್ನು ತೆಗೆಯುವಾಗ ಮೊದಲು ದೂರದಿಂದ ಸುತ್ತಣ ಸನ್ನಿವೇಶ ಸಹಿತ, ಬಳಿಕ ನಾಲ್ಕು ದಿಕ್ಕುಗಳಿಂದ, ಕಡೆಗೆ ವಿವರಗಳನ್ನು ಅಳತೆಗೋಲೊಂದನ್ನು ಪಕ್ಕದಲ್ಲಿಟ್ಟು ತೆಗೆಯುವುದು ಉತ್ತಮ. ಜನರನ್ನು ತೆಗೆಯುವಾಗ ಅವರ ಒಪ್ಪಿಗೆಯನ್ನು ಪಡೆದು, ಅವರು ಸಮ್ಮತಿಸಿದರೆ ಹೆಸರನ್ನೂ ಬರೆದುಕೊಂಡು, ಒಂದು ಪ್ರತಿಯನ್ನು ಅವರಿಗೇ ಕೊಡುವುದು ಧರ್ಮ. ದೇವರ ಗರ್ಭಗುಡಿ, ಸೋಲಿಗರ ಪವಿತ್ರಸ್ಥಾನ ಮುಂತಾದೆಡೆಗಳಲ್ಲಿ ಬೇಡವೆಂದರೆ ಬೇಡ. ಆ ನಿಷೇಧವನ್ನು ಬರೆದಿಟ್ಟುಕೊಳ್ಳುವುದೂ ಒಂದು ದಾಖಲೆಯೇ.

ತೆಗೆದ ಚಿತ್ರಗಳನ್ನು ಉಳಿಸುವುದು ತೆಗೆಯುವುದಕ್ಕಿಂತ ಕಷ್ಟ. ಗಾಜಿನ ಫಲಕಗಳು ಒಡೆಯುತ್ತವೆ, ಕಾಗದ ಹಳದಿಯಾಗುತ್ತದೆ ಎಂಬುದು ಹಿಂದಿನ ಭಯ. ಯಂತ್ರ ಕೆಟ್ಟಾಗ ಅಥವಾ ಫೋನ್ ಬದಲಾದಾಗ ಸಾವಿರ ಚಿತ್ರಗಳು ಸದ್ದಿಲ್ಲದೆ ಅಳಿಯುತ್ತವೆ ಎಂಬುದು ಇಂದಿನ ಭಯ. ಆದುದರಿಂದ ಪ್ರತಿಯೊಂದು ಕಾಲೇಜಿನ ಚರಿತ್ರೆಯ ವಿಭಾಗವೂ ತನ್ನ ಸುತ್ತಣ ಕೆಲವು ಗ್ರಾಮಗಳನ್ನು ಆರಿಸಿಕೊಂಡು, ಗ್ರಾಮಕ್ಕೊಂದು ಕಡತವಿಟ್ಟು, ಆಯ್ದ ಚಿತ್ರಗಳನ್ನು ಒಳ್ಳೆಯ ಕಾಗದದ ಮೇಲೆ ಪ್ರತಿಮಾಡಿ, ಯಾಂತ್ರಿಕ ಪ್ರತಿಗಳನ್ನು ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಡುವುದು ಯೋಗ್ಯ. ಹೊಸ ಚಿತ್ರಗಳೊಡನೆ ಹಳೆಯವನ್ನೂ ಹುಡುಕಬೇಕು. ಮದುವೆಯ ಆಲ್ಬಮ್ಮುಗಳಲ್ಲಿ, ಶಾಲೆಯ ಗುಂಪುಚಿತ್ರಗಳಲ್ಲಿ, ಜಾತ್ರೆಯ ಸ್ಟುಡಿಯೋದ ಪಟಗಳಲ್ಲಿ, ಚರ್ಚಿನ ಕಪಾಟುಗಳಲ್ಲಿ ಯಾರೂ ಎಣಿಸದ ಸಾಮಗ್ರಿ ಇರುತ್ತದೆ. ವಧೂವರರ ಹಿಂದೆ ಮಸುಕಾಗಿ ಕಾಣುವ ಗೋಡೆಯೇ ಕೆಲವು ವೇಳೆ ಬಿದ್ದುಹೋದ ಗುಡಿಯ ಕೊನೆಯ ಚಿತ್ರವಾಗಿರಬಹುದು.

ಹತ್ತು ವರ್ಷಗಳಿಗೊಮ್ಮೆ ಅದೇ ಸ್ಥಳದಲ್ಲಿ ನಿಂತು, ಅದೇ ದಿಕ್ಕಿಗೆ ನೋಡಿ, ಅದೇ ಚಿತ್ರವನ್ನು ಮತ್ತೆ ತೆಗೆಯುವ ಪದ್ಧತಿಯನ್ನು ಬೆಳೆಸಿಕೊಂಡರೆ, ಗ್ರೀನ್‌ಲಾ ಅವರಿಗೂ ಗೋಲಿಂಗ್ಸ್ ಅವರಿಗೂ ನಡುವೆ ಹಂಪೆಯಲ್ಲಿ ಬಿದ್ದಂಥ ದೀರ್ಘವಾದ ಅಂತರವು ನಮ್ಮ ಹಳ್ಳಿಗಳ ಪಾಲಿಗೆ ಬೀಳುವುದಿಲ್ಲ. ಎರಡು ಸರ್ಕಾರಗಳ ನಡುವೆ ಸಿಕ್ಕಿ ಚಿತ್ರವಿಲ್ಲದೆ ಉಳಿದ ಸೀಮೆಯೊಂದಕ್ಕೆ ಕಳೆದುದನ್ನು ಯಾರೂ ಮರಳಿ ಕೊಡಲಾರರು. ಇಂದು ಇರುವ ಗೋಪಿನಾಥಂ, ಮಾರ್ಟಳ್ಳಿ, ಸತ್ತೇಗಾಲಗಳನ್ನಾದರೂ ಹೆಸರು ಹೇಳಿ, ದಿನ ಬರೆದು ಮುಂದಿನವರಿಗೆ ಒಪ್ಪಿಸುವುದು ಈ ಸೀಮೆಯ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಕೈಯಲ್ಲಿದೆ.